ಗೋಡೆ ಬೆವರುತ್ತದೆ ಎಂದವರ ಮಾತು

ಬರೆಯದಿದ್ದರೆ ಇವತ್ತು ನಿದ್ದೆ ಬರಲಿಕ್ಕಿಲ್ಲ. ನಾನು ಅಡಿಕೆ ಖರೀದಿ ಕೇಂದ್ರದ ಲೆಕ್ಕದ ಮೇಜಿನವನೆಂಬುದು ನಿಮಗೆ ಗೊತ್ತು. ಬೆಳಗ್ಗೆ ಗೋದಾಮಿನ ಪಡುಗೋಡೆಗೆ ಒತ್ತಿ ಪೇರಿಸಿದ್ದ ಚಾಲಿಯ, ಅಂದರೆ ಬಿಸಿಲಲ್ಲಿ ಒಣಗಿಸಿ ಸುಲಿದ ಅಡಿಕೆಯ, ಗೋಣಿಗಳನ್ನು ಇಳಿಸಿದಾಗ ಅಡಿಯ ಸಾಲಿಗೆಲ್ಲ ಬೂಸ್ಟು ಹಿಡಿದಿತ್ತು. ಒಂದರ ಬಾಯಿ ಬಿಚ್ಚಿ ಕೈ ಹಾಕಿದೆ. ಒಳಗೆ ಬೆಚ್ಚಗಿತ್ತು, ಬೆರಳಿಗೆ ಬಿಳಿ ಹುಡಿ ಅಂಟಿತು. 40–45 ಬಿಸಿಲು ಕಂಡು ಒಣಗಿದ ಮಾಲು!

"ಹೀಗಾಗುತ್ತದೆಂದು ಯಾರಿಗೂ ಹೊಳೆಯಲಿಲ್ಲವೇ?" ಎಂದು ಮೇಲಿನವರು ಸಭೆ ಕರೆದು ಗುಡುಗಿದರು. ಹೊಳೆದಿತ್ತು ಸ್ವಾಮಿ. ಅಡಿಕೆ ವಿಂಗಡಿಸುವ ನಮ್ಮ ಅಣ್ಣ ಮಳೆ ಹಿಡಿದ ವಾರದಲ್ಲೇ, "ಸರ್, ಆ ಗೋಡೆ ಬೆವರ್ತದೆ, ಗೋಣಿ ಒಂದು ಮೊಳ ಈಚೆ ಇಡುವ, ಅಡಿಗೆ ಹಲಗೆ ಹಾಕುವ" ಎಂದು ಮೂರು ಸಲ ಹೇಳಿದ್ದರು. ಮೂರು ಸಲವೂ ಮೊಬೈಲಿನಿಂದ ಕಣ್ಣೆತ್ತದೆ ಬಂದ ಉತ್ತರ "ನೋಡುವ, ನೋಡುವ" ಎಂಬುದಾಗಿತ್ತು. ನಾಲ್ಕನೆಯ ಸಲ ಅವರು ಹೇಳಲಿಲ್ಲ. ಅಡಿಕೆಯ ದರ್ಜೆಗಳಾದ ಪಟೋರ, ಉಳ್ಳಿಗಡ್ಡೆ, ಕರಿಗೋಟು ಯಾವುದೆಂದು ನನ್ನ ಕಣ್ಣು ಯೋಚಿಸುವಷ್ಟರಲ್ಲಿ ಅವರ ಕೈ ಅವನ್ನು ಬೇರ್ಪಡಿಸಿರುತ್ತದೆ. ಸುಲಿಯದ ಒಣ ಅಡಿಕೆಯನ್ನು ಕಿವಿಯ ಬಳಿ ಅಲುಗಿಸಿ, ಒಳಗಿನ ಸದ್ದಿನಿಂದಲೇ ಒಣಗಿದೆಯೋ ಇಲ್ಲವೋ ಹೇಳಬಲ್ಲವರು ಅವರು.

ನಾವಾದರೋ ಕಾಸರಗೋಡಿನವರು, ಸಪ್ತಭಾಷೆಗಳ ನಾಡೆಂದು ವೇದಿಕೆ ಸಿಕ್ಕಲ್ಲೆಲ್ಲ ಹೇಳಿಕೊಳ್ಳುವವರು. ಏಳರಲ್ಲೂ ಮಾತನಾಡುತ್ತೇವೆ, ಕೇಳುವುದು ಮಾತ್ರ ಒಂದರಲ್ಲೂ ಇಲ್ಲ. ತಿರುವನಂತಪುರಕ್ಕೆ ನಮ್ಮ ಕೂಗು ಕೇಳಿಸುವುದಿಲ್ಲವೆಂದು ಕೇರಳಕ್ಕೆ ಸೇರಿಹೋದ 1956ರ ನವೆಂಬರ್ 1ರಿಂದ ಹಲುಬುತ್ತಿರುವ, ಚಂದ್ರಗಿರಿ ಹೊಳೆಯ ಉತ್ತರ ಭಾಗವನ್ನು ಆಗಿನ ಮೈಸೂರು ರಾಜ್ಯಕ್ಕೆ ಸೇರಿಸಬೇಕೆಂದು 1967ರಲ್ಲಿ ಗಡಿ ವಿವಾದದ ಮಹಾಜನ ಆಯೋಗ ಬರೆದದ್ದನ್ನೂ ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲವೆಂದು ಮಕ್ಕಳಿಗೂ ಹೇಳಿಕೊಡುವ ನಾವು, ಹತ್ತು ಹೆಜ್ಜೆ ಆಚೆ ನಿಂತವರ ಮಾತಿಗೆ ಎಷ್ಟು ಬೆಲೆ ಕೊಟ್ಟಿದ್ದೇವೆ?

"ಎಲ್ಲರ ಮಾತು ಕೇಳುತ್ತ ಕುಳಿತರೆ ಕೆಲಸ ಸಾಗುವುದು ಯಾವಾಗ?" ಎಂದು ಗೆಳೆಯರೊಬ್ಬರು ಕೇಳಿದರು. ಸರಿಯೇ, ಕಚೇರಿಯ ಮಾತಿನಲ್ಲಿ ಜೊಳ್ಳೂ ಇರುತ್ತದೆ. ನನ್ನ ಮಂಡಿನೋವಿನ ಪುರಾಣವನ್ನು ಯಾರೂ ಕೇಳಬೇಕಾಗಿಲ್ಲ. ಆದರೆ ಆ ಅಣ್ಣನ ಮಾತಿಗೆ ಬೇಕಾದದ್ದು ಅರ್ಧ ನಿಮಿಷ. ತಪ್ಪು ಯಾರದೆಂದು ಹುಡುಕಲು ಇವತ್ತು ಎರಡು ತಾಸು ಹೋಯಿತು. ಆಗ ಕೆಲಸ ಚೆನ್ನಾಗಿ ಸಾಗಿತೆಂದು ಕಾಣುತ್ತದೆ.

ಇಷ್ಟೆಲ್ಲ ಬರೆದವನು ಒಂದನ್ನು ಮುಚ್ಚಿಟ್ಟಿದ್ದೇನೆ. ಮೂರನೆಯ ಸಲ ಅವರು ಹೇಳಿದಾಗ ನಾನು ಅಲ್ಲೇ ಇದ್ದೆ. "ಗೋಡೆಗೇನು ಜ್ವರ ಬಿಟ್ಟಿತೇ, ಬೆವರಲಿಕ್ಕೆ?" ಎಂದು ಕೇಳಿ ಎಲ್ಲರನ್ನೂ ನಗಿಸಿದವನು ನಾನೇ.

ಸಂಜೆ ಚಹದ ಹೊತ್ತಿಗೆ ಅವರ ಪಕ್ಕ ಹೋಗಿ ಕುಳಿತು, "ಅಣ್ಣಾ, ಬೇರೆಲ್ಲಾದರೂ ಹೀಗೆ ಉಂಟಾ?" ಎಂದು ಕೇಳಿದೆ. ಅವರು ಲೋಟದ ತಳದ ಚಹವನ್ನು ತಿರುಗಿಸುತ್ತ ಸ್ವಲ್ಪ ಹೊತ್ತು ಸುಮ್ಮನಿದ್ದರು. "ತೆಂಕು ಮೂಲೆಯಲ್ಲಿ ಒಂದು ಹಂಚು ಜಾರಿದೆ," ಎಂದರು. "ಹೇಳಿದರೆ ನೀವು ನಗ್ತೀರಿ."