ಎರಡನೆಯ ಬಾಣದ ಗುರುತು

ಬೆಂಗಳೂರಿನಲ್ಲಿ ರಸ್ತೆ ಅಗೆಯುವವರಿಗೆ ಕರುಣೆಯಿಲ್ಲವೆಂದು ಯಾರೂ ದೂರುವಂತಿಲ್ಲ. ಗುಂಡಿ ತೋಡುವ ಮೊದಲೇ ಅವರು ಹಲಗೆಯೊಂದನ್ನು ನಿಲ್ಲಿಸಿ, ‘ಕಾಮಗಾರಿ ಪ್ರಗತಿಯಲ್ಲಿದೆ, ಅಡಚಣೆಗಾಗಿ ವಿಷಾದಿಸುತ್ತೇವೆ’ ಎಂದು ಬರೆಸಿ, ಕೆಳಗೆ ಎಡಕ್ಕೆ ತಿರುಗಿದ ಬಾಣವೊಂದನ್ನೂ ಬಿಡಿಸಿರುತ್ತಾರೆ. ತೊಂದರೆಯೆಲ್ಲ ಆ ಬಾಣವನ್ನು ನಂಬಿ ಹೋದವನದು. ಎಡಕ್ಕೆ ತಿರುಗಿದ ಮೇಲೆ ಮುಂದೇನು ಎಂದು ತಿಳಿಸುವ ಎರಡನೆಯ ಬಾಣವನ್ನು ಈ ನಗರದಲ್ಲಿ ಕಂಡವರಿಲ್ಲ. ಮೊದಲನೆಯದಕ್ಕೆ ಟೆಂಡರಿನಲ್ಲಿ ಹಣವಿದೆ; ಎರಡನೆಯದು ದೈವೇಚ್ಛೆ. 2025ರ ಸೆಪ್ಟೆಂಬರಿನಲ್ಲಿ ಒಂದು ಮಹಾನಗರ ಪಾಲಿಕೆಯ ಜಾಗಕ್ಕೆ ಐದು ಪಾಲಿಕೆಗಳು ಬಂದಿರುವುದರಿಂದ ಈಗ ಬಾಣ ಬಿಡುವ ಪಾಲಿಕೆ ಒಂದಾದರೆ ಅದು ಹೋಗಿ ನಾಟುವ ಪಾಲಿಕೆ ಇನ್ನೊಂದಾಗುವ ಅನುಕೂಲವೂ ಒದಗಿದೆ.

ಇಂಥ ಊರಿನಿಂದ ಮಳೆಗಾಲದ ಒಂದು ಶುಕ್ರವಾರ, ಮೂರು ದಿನ ಸಾಲಾಗಿ ರಜೆ ಸಿಕ್ಕಿತೆಂಬ ಒಂದೇ ಕಾರಣಕ್ಕೆ, ಬಸವನಗುಡಿಯ ಕುಟುಂಬವೊಂದು ಘಟ್ಟದ ಕೆಳಗಿನ ಹೋಂಸ್ಟೇಗೆ ಹೊರಟಿತೆಂದು ಇಟ್ಟುಕೊಳ್ಳೋಣ. ಗಂಡ, ಹೆಂಡತಿ, ಇಬ್ಬರು ಮಕ್ಕಳು, ಜೊತೆಗೆ ತಿಪಟೂರಿನಿಂದ ಬಂದಿದ್ದ ಅಜ್ಜಿ. ಶುಕ್ರವಾರ ಹೊರಟದ್ದಕ್ಕೆ ಅವರು ಪಂಚಾಂಗ ನೋಡಿರಬಹುದು. ಪೀಣ್ಯದ ಮೇಲ್ಸೇತುವೆಯ ದಿನಚರಿ ನೋಡಿರಲಿಲ್ಲ. ಎರಡು ಕಂಬಗಳ ನಡುವಿನ ಕೇಬಲ್‌ಗಳು ಕೆಟ್ಟವೆಂದು 2021ರ ಡಿಸೆಂಬರಿನಲ್ಲಿ ಮುಚ್ಚಿ, ಮುಂದಿನ ಫೆಬ್ರುವರಿಯಲ್ಲಿ ಲಘು ವಾಹನಗಳಿಗಷ್ಟೇ ತೆರೆದ ಈ ಸೇತುವೆ, 2024ರ ಜುಲೈ ಕೊನೆಗೆ ಭಾರಿ ವಾಹನಗಳನ್ನು ಹೊರಲು ಒಪ್ಪಿಕೊಂಡದ್ದು ವಾರಕ್ಕೊಂದು ದಿನ, ಅದೂ ಶುಕ್ರವಾರ, ಬಿಡುವು ಬೇಕೆಂಬ ಷರತ್ತಿನ ಮೇಲೆ. ಸರ್ಕಾರದ ಸೇವೆಯಲ್ಲಿರುವುದು ಸೇತುವೆಯಾದರೇನು, ವಾರದ ರಜೆ ಅದರ ಹಕ್ಕು. ಆ ದಿನ ಲಾರಿಗಳೆಲ್ಲ ಕೆಳಗಿಳಿಯುತ್ತವೆ. ಅದೇ ಕೆಳಗಿನ ರಸ್ತೆಯಲ್ಲಿ ಯಾರೋ ಒಂದು ಬಾಣ ನೆಟ್ಟಿರುತ್ತಾರೆ. ನಮ್ಮ ಕುಟುಂಬ ಆ ಬಾಣವನ್ನು ಅನುಸರಿಸಿ ಕೈಗಾರಿಕಾ ಪ್ರದೇಶದ ಒಳರಸ್ತೆಗಳಲ್ಲಿ ಒಂದೇ ಕಾರ್ಖಾನೆಯ ಗೇಟಿನ ಮುಂದೆ ಎಷ್ಟು ಬಾರಿ ಹಾದುಹೋಯಿತೆಂದರೆ, ಕೊನೆಗೆ ಅಲ್ಲಿನ ಕಾವಲುಗಾರ ಮಕ್ಕಳಿಗೆ ಕೈಬೀಸತೊಡಗಿದ.

ನೆಲಮಂಗಲ, ಕುಣಿಗಲ್, ಬೆಳ್ಳೂರು ಕ್ರಾಸ್ ಸುಸೂತ್ರವಾಗಿ ಕಳೆದವು. ಸುಂಕದ ಕಟ್ಟೆಗಳಲ್ಲಿ ಫಾಸ್ಟ್ಯಾಗ್ ಒಂದು ಕ್ಷಣವೂ ತಡಮಾಡದೆ ಹಣ ಕಡಿತ ಮಾಡಿಕೊಂಡಿತು. ರಾಷ್ಟ್ರೀಯ ಹೆದ್ದಾರಿ 75ರಲ್ಲಿ ಎಂದೂ ಮಾರ್ಗ ಬದಲಾವಣೆಯಾಗದಿರುವುದು ಅದೊಂದೇ. ಹಾಸನ ದಾಟುವ ಹೊತ್ತಿಗೆ, ಶಿರಾಡಿ ಘಾಟಿಯಲ್ಲಿ ಗುಡ್ಡ ಕುಸಿದಿದೆ, ಬದಲಿ ಮಾರ್ಗ ಬಳಸಿ ಎಂಬ ಸೂಚನೆ ಬಂತು. ಬದಲಿ ಎಂದರೆ ಚಾರ್ಮಾಡಿ ಅಥವಾ ಸಂಪಾಜೆ. 2018ರಲ್ಲಿ ಸಂಪಾಜೆಯ ದಾರಿ ಕುಸಿದಿತ್ತು, 2019ರಲ್ಲಿ ಚಾರ್ಮಾಡಿ ಕುಸಿದು ತಿಂಗಳುಗಟ್ಟಲೆ ಮುಚ್ಚಿತ್ತು, 2024ರಲ್ಲಿ ಮತ್ತೆ ಶಿರಾಡಿಯ ಸರದಿ. ಒಂದು ಘಾಟಿಗೆ ಕಾಯಿಲೆಯಾದಾಗ ಇನ್ನೊಂದು ಕಾಯಿಲೆಯ ಘಾಟಿಯ ಹೆಗಲಿಗೆ ಬಸ್ಸು, ಲಾರಿಗಳನ್ನೆಲ್ಲ ಹೊರಿಸುವುದಕ್ಕೆ ನಮ್ಮ ಆಡಳಿತದಲ್ಲಿ ಸಂಚಾರ ನಿರ್ವಹಣೆ ಎಂದು ಹೆಸರು. ಬೆಟ್ಟದ ಕಾಲನ್ನು ನೇರವಾಗಿ ಕತ್ತರಿಸಿ ರಸ್ತೆ ಅಗಲ ಮಾಡಿದರೆ ಮಳೆಗೆ ಮೇಲಿನ ಮಣ್ಣು ಕೆಳಗಿಳಿಯುತ್ತದೆ ಎಂಬುದು ಮಣ್ಣಿಗೆ ಗೊತ್ತಿದೆ, ಮಳೆಗೆ ಗೊತ್ತಿದೆ. ಪ್ರತಿ ವರ್ಷ ಆಶ್ಚರ್ಯಪಡುವ ಹೊಣೆಯನ್ನು ಮಾತ್ರ ಇಲಾಖೆ ಹೊತ್ತುಕೊಂಡಿದೆ.

ಹೋಂಸ್ಟೇಯವರಿಗೆ ಫೋನು ಮಾಡಿದಾಗ ಉತ್ತರ ಬಹಳ ವಿನಯದಿಂದ ಬಂತು. “ಮುಚ್ಚಿರೋದು ಘಾಟಿ ಸಾರ್, ನಮ್ಮ ಹೋಂಸ್ಟೇ ಓಪನ್ ಇದೆ. ನೀವು ಬರದೇ ಇದ್ರೆ ದುಡ್ಡು ವಾಪಸ್ ಬರಲ್ಲ.” ತರ್ಕದಲ್ಲಿ ಲೋಪ ಹುಡುಕಲಾಗದೆ ಕುಟುಂಬ ಹಿಂದಿರುಗಿತು. ಅಷ್ಟರಲ್ಲಿ ಹೋಗುವಾಗ ತೆರೆದಿದ್ದ ದಾರಿಯೂ ನೆಲಮಂಗಲದ ಬಳಿ ಮುಚ್ಚಿ, ಅಲ್ಲೊಂದು ಹೊಸ ಬಾಣ ಹುಟ್ಟಿತ್ತು. ರಾತ್ರಿ ಹನ್ನೊಂದು ದಾಟಿತ್ತು, ಮಕ್ಕಳು ಮಲಗಿದ್ದವು, ಅಜ್ಜಿಗೆ ಸೊಂಟ ಹಿಡಿದಿತ್ತು. ಹೆದ್ದಾರಿ ಬದಿಯ ಲಾಡ್ಜಿನಲ್ಲಿ ದೀಪ ಉರಿಯುತ್ತಿತ್ತು.

“ರೂಮ್ ಇದೆ ಸಾರ್,” ಎಂದ ಕೌಂಟರಿನ ಹುಡುಗ, ಆಧಾರ್ ಕಾರ್ಡನ್ನು ತಿರುಗಿಸಿ ನೋಡಿ, “ಆದ್ರೆ ಲೋಕಲ್ ಐಡಿಗೆ ಕೊಡಲ್ಲ. ಊರಲ್ಲೇ ಮನೆ ಇರೋರಿಗೆ ಲಾಡ್ಜ್ ಯಾಕೆ ಬೇಕು ಅಂತ ನಮ್ ಓನರ್ ಕೇಳ್ತಾರೆ.”

ಬೆಳಿಗ್ಗೆಯಿಂದ ಬೆಂಗಳೂರನ್ನು ಬಿಟ್ಟುಹೋಗಲಾರದೆ, ಈಗ ಬೆಂಗಳೂರನ್ನು ಸೇರಲೂ ಆರದೆ ನಿಂತವರ ಬಳಿ ಆ ಓನರಿಗೆ ಕೊಡಬಹುದಾದ ಉತ್ತರ ಬಹಳ ಉದ್ದವಿತ್ತು. ಹೆಂಡತಿ, ಮಕ್ಕಳು, ತಾಯಿ ಸಮೇತ ಬಂದಿರುವುದನ್ನು ತೋರಿಸಿದರೂ ಪ್ರಯೋಜನವಾಗಲಿಲ್ಲ. ವಿಳಾಸ ಬೆಂಗಳೂರಿನದಾದ ಮೇಲೆ ಮುಖ ಯಾರದಾದರೇನು. ಸಾಲದ್ದಕ್ಕೆ ಎಲ್ಲರ ಆಧಾರಿನ ಎರಡೂ ಬದಿಯ ಜೆರಾಕ್ಸ್ ಬೇಕೆಂದ. ಹೀಗೆ ಜೆರಾಕ್ಸ್ ಕೊಡಬೇಡಿರೆಂದು ಇದೇ ಬೆಂಗಳೂರಿನ ಆಧಾರ್ ಪ್ರಾದೇಶಿಕ ಕಚೇರಿ 2022ರ ಮೇ 27ರಂದು ಎಚ್ಚರಿಸಿತ್ತು, ನಿಜ. ಜನ ತಪ್ಪಾಗಿ ಅರ್ಥಮಾಡಿಕೊಂಡಾರೆಂದು ಎರಡೇ ದಿನಕ್ಕೆ ಆ ಎಚ್ಚರಿಕೆಯನ್ನು ಹಿಂತೆಗೆದುಕೊಂಡದ್ದೂ ಅಷ್ಟೇ ನಿಜ.

ಆಗ ಅಜ್ಜಿ ಸೊಂಟದ ಎಲೆಅಡಿಕೆ ಚೀಲದಿಂದ ತನ್ನ ಕಾರ್ಡನ್ನು ತೆಗೆದು ಮೇಜಿನ ಮೇಲಿಟ್ಟರು. ವಿಳಾಸ ಬದಲಿಸಿಕೊಳ್ಳಿ ಎಂದು ಮಗ ವರ್ಷಗಳಿಂದ ಗೋಗರೆದರೂ ಅದು ತಿಪಟೂರಿನಲ್ಲೇ ಉಳಿದಿತ್ತು. ಹುಡುಗನ ಮುಖ ಅರಳಿತು. ಅಜ್ಜಿಯ ಹೆಸರಿಗೆ ರಿಜಿಸ್ಟರಿನಲ್ಲಿ ರೂಮು ದಾಖಲಾಯಿತು, ಬೀಗದ ಕೈಯನ್ನು ಎರಡೂ ಕೈಯಿಂದ ಗೌರವಪೂರ್ವಕ ಅವರಿಗೆ ಒಪ್ಪಿಸಲಾಯಿತು. ಮಗ, ಸೊಸೆ, ಮೊಮ್ಮಕ್ಕಳು ಚೀಲಗಳೊಡನೆ ಹಿಂದೆಯೇ ಮೆಟ್ಟಿಲು ಹತ್ತಲು ಹೊರಟಾಗ ಹುಡುಗ ಗೋಡೆಯ ಮೇಲಿನ ಹಲಗೆಯತ್ತ ಬೆರಳು ತೋರಿಸಿದ: ‘ಅತಿಥಿಗಳನ್ನು ನೋಡಲು ಬರುವವರಿಗೆ ರಾತ್ರಿ 9ರ ನಂತರ ಪ್ರವೇಶವಿಲ್ಲ.’