ರಟ್ಟಿನ ಪ್ಯಾಟರ್ನು

ನಾನು ಬಳ್ಳಾರಿಯ ಒಂದು ಜೀನ್ಸ್ ಯೂನಿಟ್ಟಿನಲ್ಲಿ ಲೆಕ್ಕ ಬರೆಯುತ್ತೇನೆ. ಲೆಕ್ಕ ಅನ್ನುವುದು ಹೆಸರಿಗೆ. ಬೆಳಿಗ್ಗೆ ಬಂದು ಕೂತರೆ ಮಧ್ಯಾಹ್ನದ ಊಟದವರೆಗೂ ಮಾಡುವುದು ಮೇಲ್‌ಗಳಿಗೆ ಉತ್ತರ ಕೊಡುವ ಕೆಲಸ. ದಾವಣಗೆರೆ ಇರಲಿ, ಕಲಬುರಗಿ ಇರಲಿ, ಅಂಗಡಿಯವರು ಕೇಳುವುದು ಅದೇ ನಾಲ್ಕೈದು ಪ್ರಶ್ನೆ. ರೇಟ್ ಎಷ್ಟು? ಸೆಟ್ಟಿನಲ್ಲಿ ಯಾವ ಯಾವ ಸೈಜು? ಬಣ್ಣ ಬಿಡುತ್ತಾ? ಮಾಲು ಲಾರಿಗೆ ಯಾವಾಗ ಹಾಕ್ತೀರಿ? ಹಾಕಿದ ಮೇಲೆ ಎಲ್‌ಆರ್, ಅಂದರೆ ಲಾರಿ ರಸೀದಿಯ ಕಾಪಿ ಎಲ್ಲಿ? "28ರಿಂದ 36ರವರೆಗೆ ಐದು ಸೈಜು ಸೇರಿ ಒಂದು ಸೆಟ್ಟು" ಎಂಬ ಸಾಲನ್ನು ಎಷ್ಟು ಸಲ ಟೈಪ್ ಮಾಡಿದ್ದೆನೋ, ನಿದ್ದೆಯಲ್ಲೂ ನನ್ನ ಬೆರಳು ಆಡುತ್ತಿದ್ದವಂತೆ. ಹೆಂಡತಿ ಹೇಳಿದ್ದು.

ಒಂದು ಭಾನುವಾರ ಮಗಳು ನನ್ನ ಪಾಡು ನೋಡಲಾರದೆ, "ಅಪ್ಪಾ, ಟೆಂಪ್ಲೇಟ್ ಮಾಡ್ಕೋಬಾರ್ದಾ?" ಅಂದಳು. ಜಿಮೇಲ್‌ನ ಸೆಟ್ಟಿಂಗ್ಸಿಗೆ ಹೋಗಿ, ಅಡ್ವಾನ್ಸ್ಡ್ ಅನ್ನುವಲ್ಲಿ ಟೆಂಪ್ಲೇಟ್ಸ್ ಆನ್ ಮಾಡಿ, ಸೇವ್ ಒತ್ತಿದಳು. ಆಮೇಲೆ ಒಂದು ಉತ್ತರ ಬರೆಸಿ, ಕೆಳಗಿನ ಮೂರು ಚುಕ್ಕಿ ಒತ್ತಿ, ಅದನ್ನು ಟೆಂಪ್ಲೇಟಾಗಿ ಉಳಿಸಿದಳು. ಮುಂದಿನ ಸಲ ಅದೇ ಮೂರು ಚುಕ್ಕಿ, ಅದೇ ಹೆಸರು, ಒಂದು ಕ್ಲಿಕ್. ಇಡೀ ಪತ್ರ ಬಂದು ಕೂರುತ್ತದೆ. ಒಟ್ಟು 50 ಇಟ್ಟುಕೊಳ್ಳಬಹುದು. ನಾನು 13ಕ್ಕೇ ನಿಲ್ಲಿಸಿದೆ. 2008ರಲ್ಲಿ ಇದು ಮೊದಲು ಬಂದಾಗ ಕ್ಯಾನ್ಡ್ ರೆಸ್ಪಾನ್ಸಸ್ ಅನ್ನುತ್ತಿದ್ದರು, ಅಂದರೆ ಡಬ್ಬಿಗೆ ತುಂಬಿಟ್ಟ ಉತ್ತರ. ನನಗೆ ಆ ಹೆಸರೇ ಜಾಸ್ತಿ ಇಷ್ಟ. ಅಟ್ಟದ ಮೇಲೆ ಡಬ್ಬಿ ಇದೆ ಅನ್ನುವುದೇ ಒಂದು ಧೈರ್ಯ, ಅಲ್ವಾ?

ಈಗ ಮೇಲ್ ಕೆಲಸ ಹನ್ನೊಂದಕ್ಕೇ ಮುಗಿಯುತ್ತದೆ. ಉಳಿದ ಹೊತ್ತಿಗೆ ಏನು ಮಾಡುವುದು? ಸುಮ್ನೆ ಕಟಿಂಗ್ ಟೇಬಲ್ ಹತ್ತಿರ ಹೋಗಿ ನಿಲ್ಲುತ್ತೇನೆ. ಟೇಬಲ್ ಮೇಲೆ ಡೆನಿಮ್ ಬಟ್ಟೆಯನ್ನು ಪದರದ ಮೇಲೆ ಪದರ ಹಾಸಿರುತ್ತಾರೆ. ಮಾಸ್ಟರು ಮೇಲೆ ರಟ್ಟಿನ ಪ್ಯಾಟರ್ನ್ ಇಟ್ಟು ಸೀಮೆಸುಣ್ಣದಲ್ಲಿ ಸುತ್ತ ಗೆರೆ ಎಳೆಯುತ್ತಾರೆ. ಕಾಲಿನ ಮುಂಭಾಗ, ಹಿಂಭಾಗ, ಜೇಬು, ಪಟ್ಟಿ, ಎಲ್ಲಕ್ಕೂ ಒಂದೊಂದು ರಟ್ಟು. ಆಮೇಲೆ ಕಟಿಂಗ್ ಮಷೀನು ಗೆರೆ ಹಿಡಿದು ಹೋದರೆ ಅಷ್ಟೂ ಪದರ ಒಂದೇ ಸಲಕ್ಕೆ ಪ್ಯಾಂಟಿನ ತುಂಡುಗಳಾಗುತ್ತವೆ. ನನ್ನ ಹೊಸ ವಿದ್ಯೆಯನ್ನು ಮಾಸ್ಟರಿಗೆ ಹೇಳಿದೆ. ಅವರು ತಲೆ ಎತ್ತಲೂ ಇಲ್ಲ.

"ಇದು ನಮ್ಮ ರಟ್ಟು ಇದ್ದಂಗೇ ಐತಲ್ಲ ಸಾರ್. ಆದ್ರ ಒಂದು ನೋಡ್ರಿ, ವಾಶಿಂಗಿಗೆ ಹೋದ್ರ ಬಟ್ಟೆ ಕುಗ್ತೈತಿ. ಅದನ್ನ ಲೆಕ್ಕ ಹಿಡಿದು ರಟ್ಟು ಮಾಡ್ಬೇಕು. ರಟ್ಟು ತಪ್ಪಿದ್ರ ಒಂದು ಪ್ಯಾಂಟ್ ಕೆಡಂಗಿಲ್ಲ, ಲಾಟೇ ಕೆಡ್ತೈತಿ."

ನನ್ನ ಲಾಟು ಅಷ್ಟರಲ್ಲೇ ಕೆಟ್ಟಿತ್ತು, ಗೊತ್ತಾಗಿರಲಿಲ್ಲ ಅಷ್ಟೆ. ಹಳೇ ಪತ್ರವೊಂದನ್ನು ನೋಡಿಕೊಂಡು ಮಾಡಿದ ಟೆಂಪ್ಲೇಟಿನಲ್ಲಿ "ನಮ್ಮ ಮಾಲು ಬಳ್ಳಾರಿ ಜಿಲ್ಲೆಯ ಹೊಸಪೇಟೆಯಲ್ಲೂ ಸಿಗುತ್ತದೆ" ಅಂತ ಇತ್ತು. 2021ರಲ್ಲೇ ವಿಜಯನಗರ ಬೇರೆ ಜಿಲ್ಲೆಯಾಗಿ, ಹೊಸಪೇಟೆ ಅದರ ಕೇಂದ್ರವಾಗಿದೆ. ನಾನು ಮಾತ್ರ ದಿನಕ್ಕೆ ಹತ್ತು ಸಲ ಅದನ್ನು ವಾಪಸ್ ತಂದು ಬಳ್ಳಾರಿಗೆ ಸೇರಿಸುತ್ತಿದ್ದೆ.

ಅದಾದರೂ ಪರವಾಗಿಲ್ಲ. ಪ್ರತಿ ಟೆಂಪ್ಲೇಟಿನ ಮೊದಲ ಸಾಲಿನಲ್ಲಿ, ಮರೆಯಬಾರದು ಅಂತ ನನಗೇ ಒಂದು ಸೂಚನೆ ಬರೆದುಕೊಂಡಿದ್ದೆ. ಒಂದು ದಿನ ಅವಸರದಲ್ಲಿ ಅದನ್ನು ಹಾಗೇ ಬಿಟ್ಟು ಕಳಿಸಿಬಿಟ್ಟೆ. "ನಮಸ್ಕಾರ ಇಲ್ಲಿ ಹೆಸರು ಹಾಕು ಅವರೇ" ಅಂತ ಪತ್ರ ದಾವಣಗೆರೆಗೆ ಹೋಯಿತು. ಸಂಜೆ ಉತ್ತರ ಬಂತು. ಆರ್ಡರ್ ಎರಡು ಸೆಟ್ಟು ಜಾಸ್ತಿ ಮಾಡಿದ್ದರು. ಕೊನೆಗೆ ಸಹಿ ಇರುವ ಜಾಗದಲ್ಲಿ, "ಇಂತಿ ನಿಮ್ಮ, ಇಲ್ಲಿ ಹೆಸರು ಹಾಕು." ನಾನು ಒಬ್ಬನೇ ಕೂತು ನಕ್ಕೆ. ಆಮೇಲೆ ಆ ಜಾಗದಲ್ಲೆಲ್ಲ ಕಣ್ಣಿಗೆ ಹೊಡೆಯುವ ಹಾಗೆ ಕೆಂಪು ಅಕ್ಷರ ಹಾಕಿದೆ.

ಹಾಗೆ ನೋಡಿದರೆ ನಮ್ಮ ಅಜ್ಜನ ಪತ್ರಗಳೂ ಡಬ್ಬಿಯವೇ. ಇನ್‌ಲ್ಯಾಂಡ್ ಲೆಟರಿನ ತಲೆಯ ಮೇಲೆ "ಉ. ಕು. ಸಾಂ." ಉಭಯ ಕುಶಲೋಪರಿ ಸಾಂಪ್ರತ ಅನ್ನುವಷ್ಟೂ ಪುರುಸೊತ್ತಿಲ್ಲ, ಬರೀ ಮೊದಲಕ್ಷರ. ಆಮೇಲೆ "ಇತ್ತ ಕಡೆ ಎಲ್ಲರೂ ಕ್ಷೇಮ, ನಿಮ್ಮ ಕ್ಷೇಮಕ್ಕೆ ಪತ್ರ ಬರೆಯುತ್ತಿರಬೇಕು." ಮನೆಯಲ್ಲಿ ಇಬ್ಬರು ಜ್ವರ ಬಂದು ಮಲಗಿದ್ದರೂ ಎಲ್ಲರೂ ಕ್ಷೇಮವೇ. ನಿಜವಾದ ಸುದ್ದಿ ಇರುತ್ತಿದ್ದದ್ದು ಅಂಟು ಹಚ್ಚುವ ಮಡಿಕೆಯಲ್ಲಿ, ಅಡ್ಡಡ್ಡ, ಇರುವೆಯಂಥ ಅಕ್ಷರದಲ್ಲಿ: "ಕರಿ ಎಮ್ಮೆ ಈಯಿತು. ಹೆಣ್ಗರು." ಅಪ್ಪ ಮೊದಲು ಓದುತ್ತಿದ್ದದ್ದು ಆ ಮಡಿಕೆಯನ್ನೇ. ತಂತಿ ಕಳಿಸುವವರಿಗೆ ಅಷ್ಟೂ ಕಷ್ಟವಿರಲಿಲ್ಲ. ಮದುವೆಗೆ, ಹಬ್ಬಕ್ಕೆ ಶುಭಾಶಯದ ಸಾಲುಗಳಿಗೆಲ್ಲ ನಂಬರು ಇತ್ತು. ಫಾರಂ ಮೇಲೆ ನಂಬರು ಬರೆದರೆ, ಅತ್ತ ಕಡೆ ಪೂರ್ತಿ ವಾಕ್ಯವಾಗಿ ಮನೆ ಮುಟ್ಟುತ್ತಿತ್ತು. 2013ರ ಜುಲೈನಲ್ಲಿ ತಂತಿಯೇ ನಿಂತುಹೋಯಿತು.

ದಾವಣಗೆರೆಯವರು ಈಗ ಪ್ರತಿ ಮೇಲಿನ ಕೊನೆಗೂ ಒಂದು ಸಾಲು ಸೇರಿಸುತ್ತಾರೆ: "ನಿಮ್ಮ ಬಳ್ಳಾರಿ ಬಿಸಿಲು ಹೆಂಗಿದೆ?" ಇದಕ್ಕೆ ನನ್ನ ಹದಿಮೂರರಲ್ಲಿ ಉತ್ತರವಿಲ್ಲ. ಕೆಲವು ದಿನ ಕೈಯಲ್ಲೇ ಟೈಪ್ ಮಾಡಿದೆ. ಕೊನೆಗೆ ಹದಿನಾಲ್ಕನೆಯದನ್ನು ಮಾಡಿಯೇಬಿಟ್ಟೆ. ಹೆಸರು "ಬಿಸಿಲು." ಒಳಗಿರುವುದು ಇಷ್ಟೇ: "ಜೋರಿದೆ ಸಾರ್, ನೀವು ಬರೋದಾದ್ರೆ ಟೋಪಿ ತನ್ನಿ." ವರ್ಷದಲ್ಲಿ ಹತ್ತು ತಿಂಗಳು ಅದೇ ನಡೆಯುತ್ತದೆ. ಡಿಸೆಂಬರ್, ಜನವರಿಗೆ ಮಾತ್ರ ಟೋಪಿ ಅಳಿಸಿ ಸ್ವೆಟರ್ ಅಂತ ಹಾಕುತ್ತೇನೆ.