"ಹಳೇ ಗಾಡಿ ಅಲ್ವಾ ಸಾರ್" ಅಂತ ನನಗೆ ಇನ್ನೊಮ್ಮೆ ಹೇಳಬೇಡಿ

ಮೂರು ವಾರ ಆಯ್ತು, ಸಿಟ್ಟು ಇನ್ನೂ ಇಳಿದಿಲ್ಲ. ಡೂಪ್ಲಿಕೇಟ್ ಬೇರಿಂಗ್ ಕೊಟ್ಟು, ಕೇಳಿದರೆ ಗಾಡಿಯದೇ ತಪ್ಪು ಅಂದ ಸ್ಪೇರ್ಸ್ ಅಂಗಡಿಯವನ ಮುಖವೇ ರಾತ್ರಿ ಮಲಗಿದರೂ ಕಣ್ಣೆದುರು ಬರುತ್ತದೆ.

ನಮ್ಮ ಮನೆಯಲ್ಲಿ 1998ರ ಮಾರುತಿ ಜಿಪ್ಸಿ ಇದೆ. 1.3 ಲೀಟರ್ ಇಂಜಿನ್ನಿನ 'ಜಿಪ್ಸಿ ಕಿಂಗ್', ಕಾರ್ಬುರೇಟರ್ ಇರುವ ಮಾಡೆಲ್. ಸಕಲೇಶಪುರದ ಕಡೆ ನಮ್ಮ ತೋಟಕ್ಕೆ ಅಂತ ಅಪ್ಪ ಹೊಸದಾಗಿ ತೆಗೆದುಕೊಂಡ ಗಾಡಿ. ಗೊಬ್ಬರ, ಕಾಫಿ ಮೂಟೆ, ಕೆಲಸದವರು, ಮದುವೆಗೆ ಹೊರಟ ನೆಂಟರು, ಕೊನೆಗೆ ಅಪ್ಪನನ್ನು ಹಾಸನದ ಆಸ್ಪತ್ರೆಗೆ ಕರೆದುಕೊಂಡು ಹೋದದ್ದೂ ಅದರಲ್ಲೇ. ಅಪ್ಪ ಹೋದ ಮೇಲೆ ನಾನು ಅದನ್ನು ಬೆಂಗಳೂರಿಗೆ ತಂದೆ. ಐದು ದಿನ ಆಫೀಸು, ಶನಿವಾರ ಭಾನುವಾರ ಜಿಪ್ಸಿ. ಕೈಗೆ ಗ್ರೀಸ್ ಮೆತ್ತಿಕೊಂಡು ಅದರ ಕೆಳಗೆ ಮಲಗಿದರೆ ನನಗೆ ನೆಮ್ಮದಿ.

ಅಪ್‌ಗ್ರೇಡ್ ಅಂತ ನಾನು ಕಣ್ಣು ಕುಕ್ಕುವ ಲೈಟು, ಕಬ್ಬಿಣದ ಬಂಪರ್ ಹಾಕಿದವನಲ್ಲ. ಬ್ರೇಕ್ ಪೈಪ್ ಪೂರ್ತಿ ಹೊಸದು ಮಾಡಿದೆ. ಹಿಂದೆ ಎದುರುಬದುರು ಇದ್ದ ಬೆಂಚು ತೆಗೆಸಿ, ಮುಂದಕ್ಕೆ ಮುಖ ಇರುವ ಬೆಲ್ಟ್ ಸೀಟು ಹಾಕಿಸಿದೆ, ಮಗಳಿಗೋಸ್ಕರ. ಅಷ್ಟೇ. ಯಾಕೆ ಇದನ್ನು ಹೇಳುತ್ತಿದ್ದೇನೆ ಅಂದರೆ, ಈ ಗಾಡಿಯಲ್ಲಿ ನನ್ನ ಅಮ್ಮ ಕೂರುತ್ತಾಳೆ, ಮಗಳು ಕೂರುತ್ತಾಳೆ. ಇದು ನನಗೆ ಆಟದ ಸಾಮಾನಲ್ಲ.

ಈಗ ವಿಷಯಕ್ಕೆ ಬರುತ್ತೇನೆ. ಜಿಪ್ಸಿಗೆ ಮುಂದೆಯೂ ಹಿಂದೆಯೂ ಅಡ್ಡಕ್ಕೆ ಒಂದೇ ಗಟ್ಟಿ ಆಕ್ಸಲ್, ಅದರ ಮೇಲೆ ಲೀಫ್ ಸ್ಪ್ರಿಂಗ್. ಮುಂದಿನ ಆಕ್ಸಲ್ಲಿನ ಎರಡೂ ತುದಿಯಲ್ಲಿ ನಕ್ಕಲ್ ಇರುತ್ತದೆ, ಸ್ಟೇರಿಂಗ್ ತಿರುಗಿಸಿದಾಗ ಚಕ್ರ ತಿರುಗುವುದು ಅದರಿಂದಲೇ. ಆ ನಕ್ಕಲ್ ತಿರುಗುವುದು ಮೇಲೊಂದು ಕೆಳಗೊಂದು ಇರುವ ಕಿಂಗ್‌ಪಿನ್ ಅನ್ನುವ ಗೂಟದ ಬೇರಿಂಗ್ ಮೇಲೆ. ಅಂಗೈಯಲ್ಲಿ ಮುಚ್ಚಿಟ್ಟುಕೊಳ್ಳುವಷ್ಟು ಸಣ್ಣ ಬೇರಿಂಗ್. ಅದು ಸವೆದು ಸಡಿಲ ಆಯ್ತು ಅಂದರೆ, ಒಂದು ಗುಂಡಿಗೆ ಇಳಿದ ತಕ್ಷಣ ಎರಡೂ ಮುಂದಿನ ಚಕ್ರ ಪಟಪಟ ಅಂತ ಎಡಕ್ಕೆ ಬಲಕ್ಕೆ ಹೊಡೆದುಕೊಳ್ಳಲು ಶುರು ಮಾಡುತ್ತವೆ. ಸ್ಟೇರಿಂಗ್ ಕೈಯಲ್ಲಿ ನಿಲ್ಲುವುದಿಲ್ಲ. ಜೀಪು ಜಿಪ್ಸಿ ಓಡಿಸಿದವರಿಗೆ ಆ ಭಯ ಗೊತ್ತು.

ಬಲಗಡೆ ಸ್ವಲ್ಪ ಸಡಿಲ ಅನ್ನಿಸಿತು. ಇಂಥದ್ದನ್ನು ನಾಳೆಗೆ ಅಂತ ಬಿಡಬಾರದು. ಬೆಂಗಳೂರಲ್ಲಿ ಒಂದು ಸ್ಪೇರ್ಸ್ ಅಂಗಡಿಗೆ ಹೋದೆ. "ಒರಿಜಿನಲ್ ಕೊಡಿ, ದುಡ್ಡು ಎಷ್ಟಾದರೂ ಪರವಾಗಿಲ್ಲ" ಅಂತ ಬಾಯಿಬಿಟ್ಟು ಹೇಳಿದೆ. ಎರಡು ಬೇರಿಂಗ್ ಕೊಟ್ಟರು, ದೊಡ್ಡ ಕಂಪನಿಯ ಹೆಸರಿದ್ದ ಡಬ್ಬ, ಮೇಲೆ ಮಿಂಚುವ ಸ್ಟಿಕ್ಕರ್. 1,850 ರೂಪಾಯಿ. ಬಿಲ್ ಕೇಳಿದೆ. "ಬಿಲ್ ಹಾಕಿದ್ರೆ ಜಿಎಸ್‌ಟಿ 28 ಪರ್ಸೆಂಟ್ ಜಾಸ್ತಿ ಆಗುತ್ತೆ ಸಾರ್" ಅಂದರು. ಬೇರಿಂಗಿಗೆ ಇರುವುದು 18 ಪರ್ಸೆಂಟ್, ಅಷ್ಟು ನನಗೂ ಗೊತ್ತು. ಗೊತ್ತಿದ್ದೂ, ಹಿಂದೆ ನಾಲ್ಕು ಜನ ಕಾಯುತ್ತಿದ್ದಾರೆ ಅಂತ, ಹೆಸರಿಲ್ಲದ ಒಂದು ಬಿಳಿ ಚೀಟಿ ಇಸಕೊಂಡು ಬಂದೆ.

ಶನಿವಾರ ಇಡೀ ಬಿಚ್ಚುವುದಕ್ಕೇ ಹೋಯಿತು. ಜಾಕ್ ಕೊಟ್ಟು ಸ್ಟ್ಯಾಂಡ್ ಮೇಲೆ ನಿಲ್ಲಿಸಿ, ಚಕ್ರ, ಹಬ್ಬು, ಆಕ್ಸಲ್ ಶಾಫ್ಟ್ ಎಲ್ಲ ಎಳೆದು, ಹಳೇ ಬೇರಿಂಗಿನ ರಿಂಗು ಹೊಡೆದು ತೆಗೆದು, ಸೀಮೆಎಣ್ಣೆ ಸಿಗದೆ ಡೀಸೆಲ್‌ನಲ್ಲೇ ತೊಳೆದೆ. ಭಾನುವಾರ ಹೊಸದು ಕೂರಿಸಿದೆ. ಬಿಗಿ ಎಷ್ಟಿರಬೇಕು ಅನ್ನುವುದು ಕೈ ಅಂದಾಜಿನ ಕೆಲಸ ಅಲ್ಲ. ಎರಡೂ ಚಕ್ರ ಜೋಡಿಸುವ ಟೈ ರಾಡ್ ಕೂರುವ ತೂತಿಗೆ ಸ್ಪ್ರಿಂಗ್ ತಕ್ಕಡಿ ಸಿಕ್ಕಿಸಿ ಎಳೆದು ನೋಡಬೇಕು, ಸಡಿಲ ಇದ್ದರೆ ಒಂದು ಶಿಮ್, ಅಂದರೆ ತೆಳು ತಗಡಿನ ಬಿಲ್ಲೆ, ತೆಗೆಯಬೇಕು, ಬಿಗಿ ಜಾಸ್ತಿ ಆದರೆ ಒಂದು ಸೇರಿಸಬೇಕು. ನಾಲ್ಕು ಸಲ ಬಿಚ್ಚಿ ನಾಲ್ಕು ಸಲ ಹಾಕಿದೆ. ಸಂಜೆ ಏಳಕ್ಕೆ ಮುಗಿಯಿತು. ಬೆನ್ನು ನೆಟ್ಟಗೆ ಮಾಡಲು ಆಗುತ್ತಿರಲಿಲ್ಲ, ಆದರೆ ಖುಷಿ ಇತ್ತು, ಕೆಲಸ ಸರಿಯಾಗಿ ಮಾಡಿದ್ದೆ.

ಮುಂದಿನ ವಾರ ಅಮ್ಮನಿಗೆ ಕುಕ್ಕೆಗೆ ಹೋಗುವುದಿತ್ತು, ಆಶ್ಲೇಷಾ ಬಲಿ ಮಾಡಿಸಬೇಕು ಅಂತ ವರ್ಷದಿಂದ ಹೇಳುತ್ತಿದ್ದಳು. ಶುಕ್ರವಾರ ರಾತ್ರಿ ಊರು ಸೇರಿದೆವು, ಶನಿವಾರ ಬೆಳಗ್ಗೆ ಹೆತ್ತೂರು, ವಣಗೂರು, ಬಿಸಿಲೆ ದಾರಿಯಲ್ಲಿ ಹೊರಟೆವು. ಹೆತ್ತೂರು ದಾಟಿ ಸ್ವಲ್ಪ ದೂರ, ಸ್ಪೀಡು ಐವತ್ತೂ ಇರಲಿಲ್ಲ, ರಸ್ತೆಯಲ್ಲಿ ಒಂದು ಸಣ್ಣ ಗುಂಡಿ. ಅಷ್ಟೇ. ಇಡೀ ಗಾಡಿ ನಡುಗಲು ಶುರುವಾಯ್ತು. ಸ್ಟೇರಿಂಗ್ ನನ್ನ ಕೈಯನ್ನೇ ಕಿತ್ತುಕೊಂಡು ಹೋಗುವ ಹಾಗೆ ಎಳೆಯಿತು. ಜೋರಾಗಿ ಬ್ರೇಕ್ ಒತ್ತಬಾರದು ಅಂತ ಗೊತ್ತಿತ್ತು, ಆಕ್ಸಿಲರೇಟರ್ ಬಿಟ್ಟು ಗಟ್ಟಿಯಾಗಿ ಹಿಡಿದುಕೊಂಡೆ. ಎದುರಿಗೆ ಮರದ ಲಾರಿ ಬರುತ್ತಿತ್ತು. ಹಿಂದೆ ಮಗಳು ಕಿರುಚುತ್ತಿದ್ದಾಳೆ, ಪಕ್ಕದಲ್ಲಿ ಅಮ್ಮ "ಸುಬ್ರಹ್ಮಣ್ಯ, ಸುಬ್ರಹ್ಮಣ್ಯ" ಅನ್ನುತ್ತಿದ್ದಾಳೆ. ಲಾರಿಯವರು ಪುಣ್ಯಾತ್ಮರು, ನೋಡಿದವರೇ ಪಕ್ಕಕ್ಕೆ ಸರಿದು ನಿಂತರು. ನಮ್ಮದು ಮಣ್ಣಿಗೆ ಇಳಿದು ನಿಂತಿತು.

ಇನ್ನೊಂದು ಅರ್ಧ ಗಂಟೆ ತಡವಾಗಿ ಆಗಿದ್ದರೆ ನಾವು ಬಿಸಿಲೆ ಘಾಟಿ ಇಳಿಯುತ್ತಿದ್ದೆವು. ಆ ತಿರುವುಗಳನ್ನು ನೆನೆಸಿಕೊಂಡರೆ ಈಗಲೂ ಕೈ ತಣ್ಣಗಾಗುತ್ತದೆ.

ಅಲ್ಲಿ ಹತ್ತಿರದ ಒಬ್ಬ ಮೆಕ್ಯಾನಿಕ್ ಬೈಕಲ್ಲಿ ಬಂದ. ತೋಟದ ಜೀಪುಗಳನ್ನೇ ನೋಡಿ ಬೆಳೆದ ಹುಡುಗ. ರಸ್ತೆ ಪಕ್ಕದಲ್ಲೇ ಮೇಲಿನ ಕಿಂಗ್‌ಪಿನ್ ಬಿಚ್ಚಿ, ಬೇರಿಂಗ್ ಕೈಯಲ್ಲಿ ಹಿಡಿದು ಉಗುರಿನಿಂದ ಕೆರೆದು ನೋಡಿದ. ರಿಂಗಿನ ಮೇಲೆ ಸಾಲು ಸಾಲಾಗಿ ಗುಳಿ ಬಿದ್ದಿತ್ತು. "ಅಣ್ಣ, ಎಷ್ಟು ವರ್ಷ ಆಯ್ತು ಹಾಕಿ?" ಅಂತ ಕೇಳಿದ. ಆರು ದಿನ ಅಂದೆ. ಓಡಿದ್ದು 640 ಕಿಲೋಮೀಟರ್. ಅವನು ಮಾತಾಡಲಿಲ್ಲ, ನನ್ನ ಕೈಗೆ ಕೊಟ್ಟ. ಅದನ್ನೇ ಮತ್ತೆ ಕೂರಿಸಿ, ಒಂದು ಶಿಮ್ ತೆಗೆದು ಬಿಗಿ ಮಾಡಿ, "ಇಪ್ಪತ್ತರಲ್ಲೇ ಮನೆಗೆ ಹೋಗಿ, ಘಾಟಿ ಮಾತ್ರ ಇಳಿಸಬೇಡಿ" ಅಂದ. ಇನ್ನೂರು ರೂಪಾಯಿ ತಗೊಂಡ, ಅದನ್ನೂ ಬೇಡ ಬೇಡ ಅನ್ನುತ್ತಲೇ. ಕುಕ್ಕೆಗೆ ಅವತ್ತು ಹೋಗಲಿಲ್ಲ.

ಮನೆಗೆ ಬಂದು ಆ ರಿಂಗಿಗೆ ಅರ ಹಾಕಿ ಉಜ್ಜಿದೆ. ಒಳ್ಳೇ ಬೇರಿಂಗಿನ ಉಕ್ಕು ಎಷ್ಟು ಗಟ್ಟಿ ಅಂದರೆ ಅರ ಅದರ ಮೇಲೆ ಜಾರುತ್ತದೆ, ಕಚ್ಚುವುದಿಲ್ಲ. ಇದಕ್ಕೆ ಅರ ಬೆಣ್ಣೆಗೆ ಚಾಕು ಹೋದ ಹಾಗೆ ಹೋಯಿತು, ಪುಡಿ ಉದುರಿತು. ಮೇಲಿದ್ದ ನಂಬರು ಪೆಟ್ರೋಲ್ ಬಟ್ಟೆಯಲ್ಲಿ ಒರೆಸಿದರೆ ಅಳಿಸಿಯೇ ಹೋಯಿತು. ಡೂಪ್ಲಿಕೇಟ್. ಪಕ್ಕಾ ಡೂಪ್ಲಿಕೇಟ್.

ಮತ್ತೆ ಇದನ್ನು ಗಮನಿಸಿ: ಎಡಗಡೆ ಕಿಂಗ್‌ಪಿನ್ ಬೇರಿಂಗುಗಳನ್ನು ಮೂರು ವರ್ಷದ ಹಿಂದೆ ನಾನೇ ಹಾಕಿದ್ದು, ಬೇರೆ ಅಂಗಡಿಯ ಮಾಲು. ಅದೇ ಕೈ, ಅದೇ ತಕ್ಕಡಿ, ಅದೇ ಗ್ರೀಸ್ ಡಬ್ಬ. ಇಪ್ಪತ್ತು ಸಾವಿರ ಕಿಲೋಮೀಟರ್ ಓಡಿದೆ. ಅವತ್ತೇ ಬಿಚ್ಚಿ ನೋಡಿದೆ, ಕನ್ನಡಿ ಹಾಗಿದೆ.

ಸೋಮವಾರ ರಜೆ ಹಾಕಿ ಅಂಗಡಿಗೆ ಹೋದೆ. ಬೇರಿಂಗು, ಡಬ್ಬ, ಚೀಟಿ ಮೂರೂ ಮುಂದಿಟ್ಟೆ. ಅವನು ಬೇರಿಂಗ್ ಮುಟ್ಟಲೂ ಇಲ್ಲ. "ಯಾವ ವರ್ಷದ ಗಾಡಿ ಸಾರ್? 98ಆ? ಹಳೇ ಗಾಡಿ ಅಲ್ವಾ ಸಾರ್, ಹಾಗೇ ಆಗೋದು." ಆಮೇಲೆ ಇನ್ನೊಂದು ಬುದ್ಧಿ ಹೇಳಿದ, "ಸ್ಟೇರಿಂಗ್ ಡ್ಯಾಂಪರ್ ಹೆವಿದು ಹಾಕ್ಬಿಡಿ, ನಡುಕ ನಿಲ್ಲುತ್ತೆ, ನಮ್ಮತ್ರಾನೇ ಇದೆ."

ಇದಕ್ಕೇ ನನ್ನ ಮೈ ಉರಿಯುವುದು. ಡ್ಯಾಂಪರ್ ನಡುಕವನ್ನು ಅದುಮಿ ಇಡುತ್ತದೆಯೇ ಹೊರತು ಕೆಟ್ಟ ಬೇರಿಂಗನ್ನು ಒಳ್ಳೇದು ಮಾಡುವುದಿಲ್ಲ. ನಡುಕ ಅನ್ನುವುದು ಗಾಡಿ ನಮಗೆ ಕೊಡುವ ಎಚ್ಚರಿಕೆ. ಅದರ ಬಾಯಿ ಮುಚ್ಚಿಸಿ, ಒಳಗೆ ಬೇರಿಂಗ್ ಪುಡಿಯಾಗುವವರೆಗೂ ಓಡಿಸಿ, ಒಂದು ದಿನ ಘಾಟಿಯಲ್ಲಿ ಚಕ್ರ ಮಡಚಿಕೊಂಡು ಬೀಳಲಿ ಅಂತಲೇ? ಮೂರು ಸಾವಿರದ ಒಂದು ಡ್ಯಾಂಪರ್ ವ್ಯಾಪಾರಕ್ಕೆ ಇಂಥ ಮಾತು ಹೇಳಲು ಬಾಯಿ ಹೇಗೆ ಬರುತ್ತದೆ?

ಹಳೇ ಗಾಡಿ ಅಂತೆ. ಹಳೇದಾಗಿದ್ದು ಗಾಡಿ, ಬೇರಿಂಗ್ ಅಲ್ಲ! ಬೇರಿಂಗಿಗೆ ಆರು ದಿನ ವಯಸ್ಸು. ಸಾಮಾನ್ಯ ಜನರಿಗೆ ಜಿಪ್ಸಿ ಮಾರುವುದು ನಿಂತಿದ್ದೇ 2019ರಲ್ಲಿ, ಸೇನೆಯಲ್ಲಿ ಇವತ್ತಿಗೂ ಓಡುತ್ತಿದೆ, ಅಷ್ಟೇನೂ ಸಿಗದ ಸಾಮಾನು ಅಲ್ಲ ಇದು. ನನ್ನ ಗಾಡಿ ಹಳೇದು ಅಂತ ಸರ್ಕಾರ ಕೇಳಿದ್ದೆಲ್ಲ ಕೊಟ್ಟಿದ್ದೇನೆ. ಹದಿನೈದು ವರ್ಷ ದಾಟಿದ ಕಾರಿನ ಆರ್‌ಸಿ ರಿನ್ಯೂವಲ್ 600 ಇದ್ದದ್ದು 2022ರ ಏಪ್ರಿಲ್‌ನಿಂದ 5,000 ಆಯಿತು, 2023ರಲ್ಲಿ ಕಟ್ಟಿದೆ, ಗ್ರೀನ್ ಟ್ಯಾಕ್ಸ್ ಕಟ್ಟಿದೆ, ಗಾಡಿ ತೋರಿಸಿ ಎಫ್‌ಸಿ ಮಾಡಿಸಿದೆ. ಬ್ರೇಕು, ಲೈಟು, ಹೊಗೆ ಎಲ್ಲ ನೋಡಿದರು, ನೋಡಲಿ, ಬೇಕು ಅದು. ಆದರೆ ಈ ಗಾಡಿಗೆ ಹಾಕುವ ಬೇರಿಂಗು ಮಾರುವವನನ್ನು ಯಾರು ನೋಡುತ್ತಾರೆ? ನನಗೆ ಫಿಟ್‌ನೆಸ್ ಸರ್ಟಿಫಿಕೇಟ್ ಬೇಕು, ಅವನಿಗೆ ಒಂದು ಬಿಲ್ ಪುಸ್ತಕವೂ ಬೇಡ.

ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿದೆ. ಮರ್ಯಾದೆಯಿಂದಲೇ ಮಾತಾಡಿದರು. ಮೊದಲು ಕೇಳಿದ್ದೇ ಬಿಲ್. ನನ್ನ ಹತ್ತಿರ ಇರುವುದು ಬಿಳಿ ಚೀಟಿ. ಅದಕ್ಕೇ ಅಲ್ವಾ ಅವನು ಬಿಲ್ ಕೊಡದೇ ಇದ್ದದ್ದು? ಚೀಟಿಯ ಫೋಟೋ, ಯುಪಿಐನಲ್ಲಿ ದುಡ್ಡು ಕಳಿಸಿದ ದಾಖಲೆ, ಬೇರಿಂಗಿನ ಫೋಟೋ ಎಲ್ಲ ಹಾಕಿ ದೂರು ಬರೆಸಿದ್ದೇನೆ. ಡಬ್ಬದ ಮೇಲೆ ಹೆಸರಿದ್ದ ಕಂಪನಿಗೂ ಬರೆದಿದ್ದೇನೆ, ಅವರ ಹೆಸರಲ್ಲೇ ಈ ಮೋಸ ನಡೆಯುತ್ತಿರುವುದು. ಸುಮ್ನೆ ಬಿಡುವುದಿಲ್ಲ ನಾನು.

ಹೊಸ ಬೇರಿಂಗ್ ಈ ಸಲ ಬಿಲ್ ಸಮೇತ ತಂದೆ, ಜೆ.ಸಿ. ರಸ್ತೆಯ ಒಬ್ಬ ವಯಸ್ಸಾದವರ ಹತ್ತಿರ. ಅವರೇ ಡಬ್ಬ ಒಡೆದು, ಒಳಗಿನ ನಂಬರು ಹೊರಗಿನ ನಂಬರು ತೋರಿಸಿ ಕೊಟ್ಟರು, ನಾನು ಕೇಳದೇ. ಪ್ರಾಮಾಣಿಕ ವ್ಯಾಪಾರ ಮಾಡುವುದು ಇಷ್ಟು ಸುಲಭ. ಮತ್ತೆ ಒಂದು ಶನಿವಾರ, ಒಂದು ಭಾನುವಾರ ಅದರ ಕೆಳಗೆ ಮಲಗಿ ಹಾಕಿದೆ. ನಿನ್ನೆ ನೈಸ್ ರಸ್ತೆಯಲ್ಲಿ ಎಂಬತ್ತರವರೆಗೂ ಓಡಿಸಿ ನೋಡಿದೆ, ಕೈ ಬಿಟ್ಟರೂ ನೆಟ್ಟಗೆ ಹೋಗುತ್ತದೆ.

ರಾತ್ರಿ ಅಮ್ಮನಿಗೆ ಫೋನ್ ಮಾಡಿ, ಗಾಡಿ ಸರಿಯಾಯ್ತು, ಮುಂದಿನ ವಾರ ಕುಕ್ಕೆಗೆ ಹೋಗೋಣ ಅಂದೆ. 27 ವರ್ಷ ಅದೇ ಮುಂದಿನ ಸೀಟಲ್ಲಿ ಕೂತು ಓಡಾಡಿದವಳು. ಸ್ವಲ್ಪ ಹೊತ್ತು ಸುಮ್ಮನಿದ್ದು, "ಬಸ್ಸಲ್ಲೇ ಹೋಗೋಣ ಕಣೋ" ಅಂದಳು.